ಖೆತಿಸಾ ಕುದುರೆ ಹತ್ತಿದ್ದು

ಹಾ-ಲೆಸಾಲಾ ಊರಿನಲ್ಲಿ ಖೆತಿಸಾ ರಾಮೊಹಾಪಿಯಷ್ಟು ನಡೆದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೂಟೆ ಹೊಲಿಯುವ ಕೆಲಸಕ್ಕೆ ಉಣ್ಣೆಯ ಗೋದಾಮಿಗೆ ನಡೆದೇ ಹೋಗುತ್ತಿದ್ದ, ಹಿಟ್ಟಿನ ಗಿರಣಿಗೆ ನಡೆದೇ ಹೋಗುತ್ತಿದ್ದ, ಗುಡ್ಡದಾಚೆಯ ಊರಿನಲ್ಲಿ ಯಾರಾದರೂ ಸತ್ತರೆ ಅಲ್ಲಿಗೂ ನಡೆದೇ ಹೊರಟು, ಎಲ್ಲರೂ ಮಣ್ಣು ಮಾಡಿ ಊಟಕ್ಕೆ ಕೂತ ಮೇಲೆ ತಲುಪುತ್ತಿದ್ದ. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ನಡೆದರೆ ಹೊಟ್ಟೆಗೆ ಒಳ್ಳೇದು."

ಬೇರೆ ಸೀಮೆಯಲ್ಲಾಗಿದ್ದರೆ ಈ ಮಾತು ನಡೆಯುತ್ತಿತ್ತು. ನಮ್ಮ ಲೆಸೋಥೋದ ಎತ್ತರದ ಸೀಮೆಯಲ್ಲಿ ಉಪ್ಪು ತರಲು ಕುದುರೆ, ಮದುವೆಗೆ ಕುದುರೆ, ಆಸ್ಪತ್ರೆಗೆ ಕುದುರೆ, ಪಾದ್ರಿಗಳು ದೇವರ ವಾಕ್ಯ ಹೇಳಲು ಬರುವುದೂ ಕುದುರೆಯ ಮೇಲೆಯೇ. ಇಂಥ ಕಡೆ ಹುಟ್ಟಿದ ಖೆತಿಸಾಗೆ ಕುದುರೆ ಎಂದರೆ ಪ್ರಾಣಭಯ. ಅದರ ಹಲ್ಲಿಗೆ ಹೆದರುತ್ತಿದ್ದ, ಗೊರಸಿಗೆ ಹೆದರುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಏನೂ ಮಾಡದೆ ಸುಮ್ಮನೆ ನಿಂತಾಗ ಹೆದರುತ್ತಿದ್ದ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಹೊತ್ತು ಸುಮ್ಮನಿದೆ ಎಂದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದೆ ಎಂದೇ ಅವನ ಲೆಕ್ಕ.

ಅವನ ಹೆಂಡತಿ ಮಾಲಿಸೆಬೊ ಸವಾರರ ಮನೆಯ ಹೆಣ್ಣು. ಅವಳ ಅಣ್ಣತಮ್ಮಂದಿರೆಲ್ಲ ರೇಸಿನವರು. ಹಿರಿಯಣ್ಣ ಮೊಖೆಲೆಯ ಮೀಸೆ ಕುದುರೆ ಓಡುವಾಗ ಎರಡೂ ಕಿವಿಯ ಕಡೆ ಹಾರುತ್ತಿತ್ತು ಎಂಬುದು ಆ ಕಣಿವೆಯಲ್ಲೆಲ್ಲ ಪ್ರಸಿದ್ಧಿ. ಅವರು ತಂಗಿಯ ಮನೆಗೆ ಬಂದಾಗಲೆಲ್ಲ ಜೀನಿನ ಮೇಲಿಂದಲೇ ಕೂಗುತ್ತಿದ್ದರು: "ನಡೆಯೋ ಭಾವ ಮನೇಲಿದಾರಾ, ಇಲ್ಲ ಇನ್ನೂ ದಾರೀಲಿದಾರಾ?" ಮಾಲಿಸೆಬೊ ಪಾತ್ರೆ ಕುಕ್ಕಿ, "ಅವರ ಹೊಟ್ಟೆಗೆ ಒಳ್ಳೇದು" ಎನ್ನುತ್ತಿದ್ದಳು. ಇಷ್ಟು ವರ್ಷ ಅದನ್ನೇ ಹೇಳಿ ಹೇಳಿ ಅವಳಿಗೂ ಆ ಮಾತು ಸಪ್ಪೆಯಾಗಿತ್ತು.

ಹೀಗಿರುವಾಗ ಊರಿಗೆ ಸಿನಿಮಾದವರು ಬಂದರು.

ಲಾರಿಯಿಂದ ಇಳಿದವಳು ರೆತ್ಸೆಪಿಲೆ ಎಂಬ ಮಾಸೆರು ಪಟ್ಟಣದ ಹುಡುಗಿ. ದಪ್ಪ ಕನ್ನಡಕ, ಗಂಡಸರ ಬೂಟು, ಹೆಗಲಿಗೆ ಕಂಬಳಿ. ಸಿನಿಮಾ ಮಾಡುವುದನ್ನು ಓದಿಕೊಂಡು ಬಂದಿದ್ದಳಂತೆ. ಅವಳಿಗೆ ಬೇಕಾಗಿದ್ದುದು ಕುದುರೆ ರೇಸಿನ ಕಥೆ. ಅಂಗಡಿಯ ಜಗಲಿಯ ಮುಂದೆ ನಿಂತು, "ಇಲ್ಲಿ ರೇಸ್ ಓಡಿಸಿದವರು ಯಾರಿದ್ದೀರಿ?" ಎಂದು ಕೇಳಿದಳು.

ಎದೆ ಉಬ್ಬಿಸಿ ಮುಂದೆ ಬಂದವನು ಲೆಬೂಸಾ. ಅವನು ಖೆತಿಸಾನ ಪಕ್ಕದ ಮನೆಯವನು. ಸೆಫಾಕೊ, ಅಂದರೆ ಆಲಿಕಲ್ಲು, ಎಂಬ ಬೂದು ಬಣ್ಣದ ಕುದುರೆಯ ಯಜಮಾನ. ಆ ಕುದುರೆ ಹೆಸರಿಗೆ ತಕ್ಕಂತೆ ಬಿದ್ದ ಕಡೆ ಏನನ್ನೂ ಉಳಿಸುತ್ತಿರಲಿಲ್ಲ. ಲೆಬೂಸಾ ತಾನು ಗೆದ್ದದ್ದು, ಗೆಲ್ಲಬೇಕಾಗಿದ್ದದ್ದು, ಮೋಸದಿಂದ ಸೋತದ್ದು ಎಲ್ಲವನ್ನೂ ಹೇಳತೊಡಗಿದ. ಹುಡುಗಿ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವಳ ಕಣ್ಣು ಲೆಬೂಸಾನ ಭುಜದಾಚೆ, ಜಗಲಿಯ ಮೂಲೆಯಲ್ಲಿ ನೆಟ್ಟಿತ್ತು.

ಆ ಮೂಲೆಯಲ್ಲಿ ಖೆತಿಸಾ ಇದ್ದ. ಸಕ್ಕರೆ ಕೊಳ್ಳಲು ಬಂದವನು ಜಗಲಿಯ ಮೇಲೆ ಕೂತಾಗ, ಲೆಬೂಸಾ ಹಿಂದೆಮುಂದೆ ನೋಡದೆ ಸೆಫಾಕೊವನ್ನು ಅದೇ ಕಂಬಕ್ಕೆ ಕಟ್ಟಿಬಿಟ್ಟಿದ್ದ. ಈ ಕಡೆ ಗೋಡೆ, ಆ ಕಡೆ ಕುದುರೆ. ಖೆತಿಸಾನ ಮುಖ ಮೊದಲೇ ಉದ್ದ, ಸುಗ್ಗಿಯ ದಿನ ನೋಡಿದವರೂ "ಯಾರು ಹೋದರು?" ಎಂದು ಕೇಳುವಂಥದ್ದು. ಈಗ ಆ ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣಿನಲ್ಲಿ ನೀರಿತ್ತು, ತುಟಿ ಅದುರುತ್ತಿತ್ತು. ಅವನು ಕುದುರೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದ, ಏಕೆಂದರೆ ರೆಪ್ಪೆ ಬಡಿದರೆ ಆ ಸಂದಿನಲ್ಲಿ ಅದು ಕಚ್ಚೀತು ಎಂದು.

"ನೀವು?" ಎಂದಳು ರೆತ್ಸೆಪಿಲೆ, ಮೆಲ್ಲಗೆ. "ನ್ತಾತೆ, ನೀವು ಓಡಿಸ್ತಿದ್ರಾ?"

ನ್ತಾತೆ ಎಂದರೆ ನಮ್ಮಲ್ಲಿ ಅಪ್ಪನಿಗೂ ಹೇಳುವ ಮಾತು, ಗೌರವಕ್ಕೂ ಹೇಳುವ ಮಾತು. ಖೆತಿಸಾನನ್ನು ಯಾರಾದರೂ ಅಷ್ಟು ಗೌರವದಿಂದ ಕರೆದು ಬಹಳ ದಿನವಾಗಿತ್ತು.

ಲೆಬೂಸಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವನಾ? ಅಮ್ಮಾ ತಾಯೀ, ಇವನು ಬೆಂಕಿಪೊಟ್ಟಣದ ಮೇಲೆ ಕುದುರೆ ಚಿತ್ರ ಇದ್ರೆ ಒಲೇನೇ ಹಚ್ಚೋದಿಲ್ಲ!"

ಅಂಗಡಿಯವರೆಲ್ಲ ನಕ್ಕರು. ಒಳಗೆ ಎಣ್ಣೆ ಕೊಳ್ಳುತ್ತಿದ್ದ ಹೆಂಗಸರೂ ನಕ್ಕರು. ಆ ಹೆಂಗಸರ ನಡುವೆ ಮಾಲಿಸೆಬೊ ನಗದೆ ನಿಂತಿದ್ದಳು. ಅದನ್ನು ಖೆತಿಸಾ ಕಂಡ. ಕಂಡದ್ದೇ ತಪ್ಪಾಯಿತು.

"ಓಡಿಸ್ತಿದ್ದೆ" ಎಂದ.

ನಗು ಥಟ್ಟನೆ ನಿಂತಿತು.

"ಎಲ್ಲಿ?" ಎಂದ ಲೆಬೂಸಾ. "ಕನಸಿನಲ್ಲಾ?"

"ಆ ಕಡೆ. ಗಣಿ ಕೆಲಸಕ್ಕೆ ಹೋಗಿದ್ನಲ್ಲ, ಗಡಿಯಾಚೆ... ಆವಾಗ."

ಗಡಿಯಾಚೆಯ ಚಿನ್ನದ ಗಣಿಯಲ್ಲಿ ಖೆತಿಸಾ ಹಲವು ವರ್ಷ ಇದ್ದದ್ದು ನಿಜ. ಅಲ್ಲಿ ನೆಲದಡಿಯಲ್ಲಿ ಕುದುರೆ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವನು ಅಲ್ಲಿ ಸುಖವಾಗಿದ್ದದ್ದೂ ನಿಜ. ಉಳಿದದ್ದನ್ನು ಹೌದೋ ಅಲ್ಲವೋ ಎಂದು ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.

"ಮತ್ತೆ ಯಾಕೆ ಬಿಟ್ರಿ?" ಎಂದಳು ರೆತ್ಸೆಪಿಲೆ.

ಖೆತಿಸಾಗೆ ಎರಡನೆಯ ಸುಳ್ಳು ಹೊಳೆಯಲಿಲ್ಲ. ಅಷ್ಟರಲ್ಲಿ ಸೆಫಾಕೊ ಅವನ ಕಡೆ ಮೂತಿ ತಿರುಗಿಸಿತು. ಖೆತಿಸಾ ಕಣ್ಣು ಮುಚ್ಚಿ ಗೋಡೆಗೆ ಒರಗಿಬಿಟ್ಟ.

"ಬೇಡ ನ್ತಾತೆ, ಹೇಳ್ಬೇಡಿ" ಎಂದು ಹುಡುಗಿ ಪಿಸುಗುಟ್ಟಿದಳು. ಅವಳ ಕನ್ನಡಕದ ಹಿಂದೆ ನೀರಾಡಿತ್ತು. "ನನ್ನ ಸಿನಿಮಾ ಸಿಕ್ಕಿತು."

ಊರು ಎಂಬುದು ಖಾಲಿ ಜಾಗವನ್ನು ಹಾಗೇ ಬಿಡುವುದಿಲ್ಲ. ಖೆತಿಸಾ ಹೇಳದೆ ಬಿಟ್ಟದ್ದನ್ನು ಊರೇ ತುಂಬಿಕೊಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅವನು ಕುದುರೆಯಿಂದ ಬಿದ್ದಿದ್ದ. ಸಂಜೆಗೆ ಕುದುರೆಯೇ ಅವನ ಕೆಳಗೆ ಸತ್ತಿತ್ತು. ಮಾರನೆಯ ಬೆಳಿಗ್ಗೆ ಊರ ಮುಖಂಡ ಮೊರೇನಾ ಲೆಸಾಲಾ, ಬಾವಿಯ ಹತ್ತಿರ ನಿಂತು, "ನನಗೆ ಆಗಲೇ ಗೊತ್ತಿತ್ತು, ಪಾಪ ನೋಯಿಸೋದು ಬೇಡಾಂತ ಬಾಯಿ ಬಿಡಲಿಲ್ಲ" ಎಂದುಬಿಟ್ಟ. ಮೊರೇನಾ ಹೇಳಿದ ಮೇಲೆ ಅದು ಇತಿಹಾಸ.

ಮನೆಯಲ್ಲಿ ಮಾಲಿಸೆಬೊ ಪಾಪಾ ಎಂಬ ಜೋಳದ ಹಿಟ್ಟಿನ ಗಟ್ಟಿ ಉಂಡೆಯ ಪಕ್ಕದಲ್ಲಿ ಎಂದೂ ಇಲ್ಲದ ಮಾಂಸ ಇಟ್ಟಳು. "ಇಷ್ಟು ವರ್ಷ ನನಗೂ ಹೇಳಲಿಲ್ವಲ್ಲ ನೀವು" ಎಂದಳು. ಬೈಗುಳದ ಧ್ವನಿ, ಆದರೆ ಬೈಗುಳವಲ್ಲ. "ನನ್ನಣ್ಣ ಬರಲಿ, ಈ ಸಲ ಅವನಿಗೆ ಹೇಳ್ತೀನಿ." ಖೆತಿಸಾ ಸತ್ಯ ಹೇಳಲೆಂದು ಬಾಯಿ ತೆರೆದ. ಅವಳು ಆ ಬಾಯಿಗೆ ಒಂದು ತುಂಡು ಮಾಂಸ ಇಟ್ಟಳು. ಅದು ಬಹಳ ರುಚಿಯಾಗಿತ್ತು.

ಸಿನಿಮಾ ಶುರುವಾಯಿತು. ಖೆತಿಸಾನೇ ನಾಯಕ. ರೇಸ್ ಬಿಟ್ಟ ಹಳೆಯ ಸವಾರನ ಪಾತ್ರ.

"ನಾನು ಕುದುರೆ ಹತ್ಬೇಕಾ?" ಎಂಬುದು ಅವನ ಮೊದಲ ಪ್ರಶ್ನೆ.

"ಇಲ್ಲವೇ ಇಲ್ಲ" ಎಂದಳು ರೆತ್ಸೆಪಿಲೆ. "ನೀವು ಕೂತಿರ್ತೀರಿ. ಅಷ್ಟೆ."

"ಆಮೇಲೆ?"

"ಆಮೇಲೂ ಕೂತಿರ್ತೀರಿ."

ಖೆತಿಸಾಗೆ ಹೋದ ಜೀವ ಬಂತು. ಲೋಕದಲ್ಲಿ ತನಗೆಂದೇ ಮಾಡಿದ ಕೆಲಸವೊಂದಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ಊರವರು ಕೆಲಸ ಬಿಟ್ಟು, ಮಣೆ, ಡಬ್ಬ, ಜೀನು ಎಲ್ಲ ತಂದು ಹಾಕಿಕೊಂಡು ನೋಡಲು ಕೂತರು. ಖೆತಿಸಾ ಕಲ್ಲುಗೋಡೆಯ ಮುಂದೆ ಕೂತು ಗುಡ್ಡ ನೋಡಿದ. ಕ್ಯಾಮೆರಾ ಅವನನ್ನು ನೋಡಿತು. ಒಂದು ಕೋಳಿ ಬಂದು, ಸುತ್ತ ನೋಡಿ, ಬೇಸರವಾಗಿ ಹೊರಟುಹೋಯಿತು.

"ಯಾವಾಗ ಶುರುವಾಗುತ್ತೆ?" ಎಂದು ಮೊರೇನಾ ಕೇಳಿದ.

"ಮುಗೀತು ಮೊರೇನಾ" ಎಂದಳು ಹುಡುಗಿ, ಕಣ್ಣೊರೆಸಿಕೊಳ್ಳುತ್ತ.

ಮೊರೇನಾ ತನ್ನ ಬೆತ್ತ ನೋಡಿಕೊಂಡ. "ರೇಸಿನ ಸಿನಿಮಾ ಅಂದ್ರಲ್ಲ? ಇದರಲ್ಲಿ ಓಡಿದ್ದು ಆ ಕೋಳಿ ಒಂದೇ."

ದಿನಗಳು ಹೀಗೇ ಹೋದವು. ಖೆತಿಸಾ ಬಾಗಿಲಲ್ಲಿ ಕೂತ, ಹೊಳೆಯ ಬಳಿ ಕೂತ, ಖಾಲಿ ಲಾಯದಲ್ಲಿ ಕೂತ. ಊರಿನ ಹಿರಿಯ ಮುದುಕಿ ಮಾಫೊಲೊ, ಮನುಷ್ಯನಿಗೆ ಗಾಳಿ ಹಿಡಿದಿದೆ ಎಂದೇ ತೀರ್ಮಾನಿಸಿ, ಕ್ಯಾಮೆರಾ ನಡೆಯುತ್ತಿರುವಾಗಲೇ ಬಂದು ಅವನ ಮೂಗಿಗೆ ಸುಟ್ಟ ಸೊಪ್ಪಿನ ಹೊಗೆ ಹಿಡಿದಳು. ಖೆತಿಸಾ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದ. ರೆತ್ಸೆಪಿಲೆ ಅದನ್ನೂ ಇಟ್ಟುಕೊಂಡಳು.

ಆಮೇಲೆ ಸೆಫಾಕೊವನ್ನು ತಂದು ಅವನ ಪಕ್ಕ ನಿಲ್ಲಿಸಿದರು.

ಆ ದಿನ ಖೆತಿಸಾ ಪಟ್ಟ ಪಾಡನ್ನು ಹೇಳಬಾರದು. ಕುದುರೆಯ ಬಿಸಿ ಉಸಿರು ಕತ್ತಿಗೆ ಬಡಿಯುತ್ತಿತ್ತು. ಸೆಫಾಕೊ ಅವನ ಹುಲ್ಲಿನ ಟೋಪಿಯನ್ನು ತಲೆಯಿಂದ ತೆಗೆದು, ನಿಧಾನವಾಗಿ, ಅಂಚಿನಿಂದ ಶುರುಮಾಡಿ ತಿನ್ನತೊಡಗಿತು. ಖೆತಿಸಾ ಅಲ್ಲಾಡಲಿಲ್ಲ. ಟೋಪಿ ಮುಗಿದ ಮೇಲೆ ಮುಂದಿನದು ತಲೆ ಎಂದು ಅವನು ಕಾಯುತ್ತಿದ್ದ.

"ನೋಡಿದ್ರಾ?" ಎಂದಳು ರೆತ್ಸೆಪಿಲೆ ಕ್ಯಾಮೆರಾದವನಿಗೆ. "ಅದು ತಿಂತಿದ್ರೂ ತಡೀಲಿಲ್ಲ. ಅಷ್ಟು ಪ್ರೀತಿ."

ಪ್ರೀತಿ ಎಂಬ ಮಾತೇ ಅವನಿಗೆ ಮುಳುವಾಯಿತು. ಮರುದಿನ ಅವಳು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ನ್ತಾತೆ, ನಾನು ಕಥೆ ಬದಲಾಯಿಸಿದೆ. ನೀವು ಆ ಕುದುರೇನ ನೋಡೋದು ನೋಡಿದೆ. ನಿಮ್ಮೊಳಗೆ ಆ ಆಸೆ ಸತ್ತಿಲ್ಲ. ಕೊನೇಲಿ ನೀವು ಹತ್ತಬೇಕು. ನಿಜವಾದ ರೇಸ್‌ನಲ್ಲಿ, ನಿಜವಾದ ಸವಾರರ ಜೊತೆ. ಒಂದೇ ಶಾಟು. ನಿಮ್ಮ ಮುಖ ಮಾತ್ರ."

"ಮುಖ ಮಾತ್ರ ಹೋದ್ರೆ ಸಾಕಾ?" ಎಂದ ಖೆತಿಸಾ, ಆಸೆಯಿಂದ.

ಅವಳು ನಕ್ಕಳು. ತಮಾಷೆ ಎಂದುಕೊಂಡಳು.

ಖೆತಿಸಾ ನೇರ ಮೊರೇನಾನ ಮನೆಗೆ ನಡೆದ. ಎಲ್ಲ ಒಪ್ಪಿಕೊಂಡು ಕಾಲು ಹಿಡಿಯುವುದೆಂದು ನಿರ್ಧರಿಸಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಮೊರೇನಾ ಅವನನ್ನು ಕಂಡದ್ದೇ ಅಪ್ಪಿಕೊಂಡು, ಕುರ್ಚಿ ಹಾಕಿಸಿದ. ಮೊರೇನಾನ ಮನೆಯಲ್ಲಿ ಖೆತಿಸಾಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ಮೊರೇನಾ, ಒಂದು ಸತ್ಯ ಹೇಳ್ಬೇಕು..."

"ನಾನು ಮೊದಲು ಹೇಳ್ತೀನಿ. ಕೆಳಗಿನ ಕಣಿವೆಯ ಮುಖಂಡರೆಲ್ಲ ಬರ್ತಿದಾರೆ. ನಿನ್ನ ನೋಡೋಕೆ! ನಾನು ಮಾತು ಕೊಟ್ಟಾಯ್ತು. ಏನದು ನಿನ್ನ ಸತ್ಯ?"

ಮೊರೇನಾನ ಹುಬ್ಬು ಮೇಲೇರಿತ್ತು. ಆ ಹುಬ್ಬಿನ ಕೆಳಗೆ ಎಷ್ಟೋ ಜನ ಜಮೀನು ಕಳೆದುಕೊಂಡಿದ್ದರು.

"ಚಳಿ ಜಾಸ್ತಿ ಈ ವರ್ಷ" ಎಂದ ಖೆತಿಸಾ.

"ಅದು ಸತ್ಯ" ಎಂದ ಮೊರೇನಾ.

ಮನೆಗೆ ಬಂದವನು ಸೊಂಟ ಹಿಡಿದಿದೆ ಎಂದು ಮಲಗಿಬಿಟ್ಟ. ಸುದ್ದಿ ತಿಳಿದ ಮಾಫೊಲೊ ಕಾದ ಇಟ್ಟಿಗೆ ತಂದಳು, ಕುರಿಯ ಕೊಬ್ಬು ತಂದಳು, ಬೋರಲು ಹಾಕಿ ಬೆನ್ನ ಮೇಲೆ ಮಂಡಿಯೂರಿ ಕೂತಳು. ಆ ಮುದುಕಿ ಹಿಂದೆ ಹೆರಿಗೆ ಮಾಡಿಸುತ್ತಿದ್ದವಳು. ಒಳಗಿರುವುದನ್ನು ಹೊರಗೆ ತರುವುದರಲ್ಲಿ ಅವಳಿಗೆ ಸಂಕೋಚವಿರಲಿಲ್ಲ. "ಎಲ್ಲಿ ನೋವು? ಇಲ್ಲೇನಾ? ಇಲ್ಲೇನಾ?" ಎಂದು ಇಟ್ಟಿಗೆ ಇಟ್ಟಲ್ಲೆಲ್ಲ ಖೆತಿಸಾ ಚೀರಿದ. ಸ್ವಲ್ಪ ಹೊತ್ತಿಗೆ ಅವನು ಎದ್ದು ಅಂಗಳದಲ್ಲಿ ಓಡುತ್ತಿದ್ದ. "ವಾಸಿಯಾಯ್ತು!" ಎಂದು ಮಾಫೊಲೊ ಊರಿಗೆಲ್ಲ ಸಾರಿದಳು.

ಉಳಿದಿದ್ದವಳು ಮಾಲಿಸೆಬೊ ಒಬ್ಬಳು. ಅವಳು ಅಂಗಳದಲ್ಲಿ ಅವನ ಮದುವೆಯ ಕಂಬಳಿಯನ್ನು ಬಿಸಿಲಿಗೆ ಹರವಿ, ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಹಾಡುತ್ತಿದ್ದಳು. ಅವಳು ಹಾಡಿದ್ದನ್ನು ಅವನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

"ಮಾಲಿಸೆಬೊ, ನನಗೆ ಭಯ ಆಗ್ತಿದೆ ಕಣೇ."

"ಆಗ್ದೇ ಇರುತ್ತಾ? ಅಂಥಾ ಬಿದ್ದಿದ್ದು ಬಿದ್ದ ಮೇಲೆ!"

"ಬಿದ್ದೇ ಇಲ್ಲ ನಾನು..."

"ಗಟ್ಟಿ ಮನಸ್ಸು ಅಂದ್ರೆ ಅದು" ಎಂದಳು ಅವಳು, ಕಂಬಳಿಯನ್ನು ಕೊಡವುತ್ತ. "ಬಿದ್ರೂ ಬಿದ್ದಿಲ್ಲ ಅನ್ನೋದು. ನಾಳೆ ಮೊಖೆಲೆ ಅಣ್ಣ ಬರ್ತಾನೆ. ಎಲ್ಲರೂ ಬರ್ತಾರೆ. ನಾನೇ ಹೇಳಿಕಳಿಸಿದೆ."

ಅವಳ ಮುಖ ನೋಡಿ ಖೆತಿಸಾ ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡ. ಕುದುರೆಯಿಂದ ಸಾಯುವುದು ಒಂದು ಭಯ. ಈ ಮುಖ ಬಾಡುವುದನ್ನು ನೋಡುವುದು ಇನ್ನೊಂದು. ಎರಡರ ನಡುವೆ ಅವನು ಆ ಕಂಬಳಿಯ ಹಾಗೆ ಜೋತುಬಿದ್ದ.

ರೇಸಿನ ದಿನ ಬಯಲಿನ ತುಂಬ ಜನ. ಚಳಿಗಾಲದ ಒಣ ಹುಲ್ಲಿನ ಮೇಲೆ ಕಂಬಳಿಗಳು, ಟೋಪಿಗಳು, ಜೋಳದ ಹೆಂಡದ ಡಬ್ಬಗಳು. ಕಣಿವೆಯ ಮುಖಂಡರು ಕುರ್ಚಿಗಳಲ್ಲಿ. ಮೊಖೆಲೆ ಮತ್ತು ತಮ್ಮಂದಿರು ಕುದುರೆಗಳ ಮೇಲೆ, ಬೇಲಿಯ ಹತ್ತಿರವೇ. ಸಿನಿಮಾದವರ ಲಾರಿಯ ಮೇಲೆ ಎರಡು ದೊಡ್ಡ ಲೌಡ್‌ಸ್ಪೀಕರು. ಜನರಿಗೆ ಆ ಕಡೆ ಸರಿಯಿರಿ, ಈ ಕಡೆ ನೋಡಬೇಡಿ ಎಂದು ಹೇಳಲು. ಆದರೆ ಮೊರೇನಾ ಬೆಳಿಗ್ಗೆಯೇ ಅದರ ಪೆಟ್ಟಿಗೆಯ ಮುಂದೆ ಸ್ಥಾಪಿತನಾಗಿದ್ದ. ರೇಸನ್ನು ತಾನೇ ವರ್ಣಿಸುವುದಾಗಿ ಹೇಳಿದ್ದ. ಬೇಡ ಎನ್ನುವ ಧೈರ್ಯ ಸಿನಿಮಾದವರಿಗಿರಲಿಲ್ಲ.

ಒಬ್ಬ ಬಂದು ಖೆತಿಸಾನ ಕಂಬಳಿಯೊಳಗೆ, ಎದೆಯ ಮೇಲೆ, ಜೀರುಂಡೆಯಷ್ಟು ಪುಟ್ಟ ಮೈಕನ್ನು ಸಿಕ್ಕಿಸಿದ. "ನಿಮ್ಮ ಉಸಿರು ಹಿಡಿಯೋಕೆ" ಎಂದ. ಅದರ ದನಿ ಅದೇ ಪೆಟ್ಟಿಗೆಗೆ ಹೋಗುತ್ತಿತ್ತು.

ಅವನನ್ನು ಹತ್ತಿಸಲು ಲೆಬೂಸಾ ಬಂದ. "ಹಿಡಿ ಲಗಾಮು. ನೀನೇ ಹೇಳಿಕೊಟ್ಟಿರಬೇಕಲ್ಲ ಆ ಕಡೆ ಎಲ್ಲರಿಗೂ" ಎಂದು ಕಣ್ಣು ಮಿಟುಕಿಸಿ, ಮೂಟೆ ಎತ್ತುವ ಹಾಗೆ ಎತ್ತಿ ಸೆಫಾಕೊವಿನ ಮೇಲೆ ಇಟ್ಟುಬಿಟ್ಟ.

ಕುದುರೆಯ ಮೇಲಿನಿಂದ ಲೋಕ ಹೀಗಿರುತ್ತದೆ ಎಂದು ಖೆತಿಸಾಗೆ ಗೊತ್ತಿರಲಿಲ್ಲ. ನೆಲ ಬಹಳ ದೂರ ಹೋಗಿತ್ತು. ತೊಡೆಗಳ ನಡುವೆ ಏನೋ ಬಿಸಿಯಾದದ್ದು ಉಸಿರಾಡುತ್ತಿತ್ತು. ಅವನು ಲಗಾಮನ್ನು ಬಿಟ್ಟು ಜೂಲನ್ನೇ ಹಿಡಿದುಕೊಂಡ. ದೂರದಲ್ಲಿ ಕೆಂಪು ಶಾಲು ಹೊದ್ದ ಮಾಲಿಸೆಬೊ ಕೈ ಬೀಸುತ್ತಿದ್ದಳು. ಕೈ ಬೀಸಬೇಕೆಂದು ಅವನಿಗೂ ಅನ್ನಿಸಿತು. ಬೆರಳು ಜೂಲನ್ನು ಬಿಡಲಿಲ್ಲ.

ಬಾವುಟ ಇಳಿಯಿತು.

ಆಮೇಲೆ ಆದದ್ದು ಸೆಫಾಕೊಗೆ ಮಾತ್ರ ಸರಿಯಾಗಿ ಗೊತ್ತು. ಖೆತಿಸಾಗೆ ತಿಳಿದದ್ದಿಷ್ಟು: ಹೊಟ್ಟೆ ಹಿಂದೆ ಉಳಿಯಿತು, ಉಳಿದವನು ಮುಂದೆ ಹೋದ. ಗಾಳಿ ಬಾಯಿ ತೆರೆಸಿತು. ತೆರೆದ ಬಾಯಿಂದ ಇಷ್ಟು ವರ್ಷ ಒಳಗಿದ್ದದ್ದೆಲ್ಲ ಹೊರಟಿತು.

ಅದೇ ಗಳಿಗೆಯಲ್ಲಿ ಮೊರೇನಾ ಲೆಸಾಲಾ, ತನ್ನ ದನಿ ಇನ್ನೂ ದೊಡ್ಡದಾಗಲಿ ಎಂದು, ಪೆಟ್ಟಿಗೆಯ ಮೇಲೆ ತನಗೆ ಬೆಳಗಿನಿಂದ ಇಷ್ಟವಾಗಿದ್ದ ಕೆಂಪು ಗುಂಡಿಯನ್ನು ಒತ್ತಿದ. ಮೊರೇನಾನ ದನಿ ನಿಂತಿತು. ಬಯಲಿನ ತುಂಬ, ಗುಡ್ಡದಿಂದ ಗುಡ್ಡಕ್ಕೆ ಬಡಿದು, ಖೆತಿಸಾನ ದನಿ ಮೊಳಗಿತು:

"ಅಯ್ಯಯ್ಯೋ! ಇಳಿಸ್ರೋ! ನಾನು ಯಾವತ್ತೂ ಕುದುರೆ ಹತ್ತಿಲ್ಲ! ಗಣೀಲಿ ಕಲ್ಲು ತುಂಬ್ತಿದ್ದೆ, ಅಷ್ಟೇ! ಎಲ್ಲಾ ಸುಳ್ಳು!"

ಜನ ಎದ್ದು ನಿಂತರು.

"ಕುದುರೆ ಅಂದ್ರೆ ಭಯ ನನಗೆ! ಕತ್ತೆ ಅಂದ್ರೂ ಭಯ! ಮಾಫೊಲೊ ಅಜ್ಜಿಯ ಹುಂಜ ಅಂದ್ರೆ ಭಯ! ಮಾಫೊಲೊ ಅಂದ್ರೆ ಅದಕ್ಕಿಂತ ಭಯ!"

"ಏನಂದ?" ಎಂದಳು ಮಾಫೊಲೊ, ಕಿವಿಗೆ ಕೈ ಹಿಡಿದು. ಪಕ್ಕದವರು ಕೂಗಿ ಹೇಳಿದರು. ಅವಳು ಸಂತೋಷದಿಂದ ತಲೆಯಾಡಿಸಿದಳು.

"ಪಾದ್ರಿಗಳು ನರಕದ ವಿಷಯ ಬಂದಾಗೆಲ್ಲ ನನ್ನನ್ನೇ ನೋಡ್ತಾರೆ, ಅದು ಭಯ! ಮೊರೇನಾ ಹುಬ್ಬು ಭಯ!"

ಮೊರೇನಾ ಗುಂಡಿಗಳನ್ನೆಲ್ಲ ಒತ್ತುತ್ತಿದ್ದವನು ಕೈ ತೆಗೆದ. ಕಣಿವೆಯ ಮುಖಂಡರು ಅವನ ಹುಬ್ಬಿನ ಕಡೆ ತಿರುಗಿದರು. ಮೊರೇನಾ ಸ್ವಲ್ಪ ನೆಟ್ಟಗೆ ಕೂತು, ಹುಬ್ಬನ್ನು ಇನ್ನೊಂದು ಚೂರು ಮೇಲೇರಿಸಿದ. ಮತ್ತೆ ಗುಂಡಿ ಮುಟ್ಟಲಿಲ್ಲ.

"ಮೊಖೆಲೆ ಭಾವನ ಮೀಸೆ ಭಯ! ಅದು ಕನಸಲ್ಲಿ ಬರುತ್ತೆ! ಮೀಸೆ ಒಂದೇ ಬರುತ್ತೆ!"

ಮೊಖೆಲೆಯ ತಮ್ಮಂದಿರು ನಕ್ಕು ನಕ್ಕು ಜೀನಿನಿಂದ ಒಬ್ಬೊಬ್ಬರಾಗಿ ಜಾರಿದರು. ಹುಟ್ಟಿದಂದಿನಿಂದ ಕುದುರೆಯಿಂದ ಬೀಳದವರು ಅಂದು ಬಿದ್ದರು. ಲೆಬೂಸಾ ಮಾತ್ರ ಬೇಲಿ ಹಿಡಿದು ಕಾಯುತ್ತಿದ್ದ, ತನ್ನ ಹೆಸರು ಈಗ ಬರುತ್ತದೆ, ಇನ್ನೊಂದು ತಿರುವಿನಲ್ಲಿ ಬರುತ್ತದೆ ಎಂದು. ಬರಲೇ ಇಲ್ಲ.

ಕೊನೆಯ ತಿರುವಿನಲ್ಲಿ ಆ ದನಿ ಒಡೆಯಿತು.

"ಮಾಲಿಸೆಬೋ! ಇದನ್ನ ಕೇಳಿ ತವರಿಗೆ ಹೋಗ್ಬೇಡ ಕಣೇ! ಎಲ್ಲಕ್ಕಿಂತ ಅದೇ ನನಗೆ ಭಯ!"

ಗುಡ್ಡ ಅದನ್ನು ಎರಡು ಸಲ ಹೇಳಿತು. ಬಯಲಿನಲ್ಲಿ ನಗು ನಿಂತಿತು.

ಅಂದು ರೇಸನ್ನು ಗೆದ್ದವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ, ಯಾರೂ ನೋಡಲಿಲ್ಲ. ಸೆಫಾಕೊ ಓಡುವಷ್ಟು ಓಡಿ, ನೀರಿನ ತೊಟ್ಟಿಯ ಹತ್ತಿರ ನಿಂತು ನೀರು ಕುಡಿಯಿತು. ಖೆತಿಸಾ ಅದರ ಕತ್ತಿನ ಮೇಲಿಂದ ಜಾರಿ ತೊಟ್ಟಿಯೊಳಗೆ ಇಳಿದ. ಮೊದಲು ಬಂದವನು ಮೊಖೆಲೆ. ಮೀಸೆ ತೀಡಿಕೊಳ್ಳುತ್ತ ಬಗ್ಗಿ ಕೇಳಿದ: "ಮೀಸೆ ಒಂದೇ ಬರುತ್ತಾ ಭಾವ? ನಾನು ಬರಲ್ವಾ?" ಆಮೇಲೆ ಕೈಕೊಟ್ಟು ಎತ್ತಿದ.

ರೆತ್ಸೆಪಿಲೆ ಕಿವಿಯ ಮೇಲಿನ ಯಂತ್ರ ತೆಗೆದು ಓಡಿಬಂದಳು. ಖೆತಿಸಾ ತಲೆ ತಗ್ಗಿಸಿ, "ನಿನ್ನ ಸಿನಿಮಾ ಹಾಳು ಮಾಡಿದೆ ಮಗಳೇ" ಎಂದ. "ಮಾತು ತೆಗೆದುಹಾಕ್ತೀನಿ ನ್ತಾತೆ" ಎಂದಳು ಅವಳು. "ಮುಖ ಸಿಕ್ಕಿದೆ. ಅಂಥ ಮುಖ ಇನ್ನೆಲ್ಲಿ ಸಿಗುತ್ತೆ?"

ಮಾಲಿಸೆಬೊ ಶಾಲು ಹೊದ್ದು ಮನೆಯ ಕಡೆ ಮುಂದೆ ಮುಂದೆ ನಡೆದಳು. ಅವನು ಹಿಂದೆ ಹಿಂದೆ, ನೀರು ಸುರಿಸಿಕೊಂಡು.

ಅಂದಿನಿಂದ ಖೆತಿಸಾಗೆ ಹೊಸ ಭಯ ಅಂಟಿತು. ಅವಳು ಅಡಿಗೆ ಮಾಡುತ್ತಿದ್ದಳು, ಹಾಸಿಗೆ ಹಾಸುತ್ತಿದ್ದಳು, ಸಕ್ಕರೆ ಮುಗಿದಿದೆ ಎನ್ನುತ್ತಿದ್ದಳು. ಆ ಮಾತು ಮಾತ್ರ ಎತ್ತಲಿಲ್ಲ. ಅವಳು ಬಟ್ಟೆ ಮಡಿಸಿದರೆ ಅವನ ಎದೆ ಹಾರುತ್ತಿತ್ತು. ಚೀಲ ಕೈಗೆತ್ತಿಕೊಂಡರೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದ. "ಏನು?" ಎಂದರೆ "ಏನಿಲ್ಲ, ಗಾಳಿಗೆ" ಎನ್ನುತ್ತಿದ್ದ. ಅವಳು ಆಲೂಗಡ್ಡೆ ತಂದು ಅದೇ ಚೀಲದಿಂದ ಸುರಿದಾಗ ಕುಳಿತು ಉಸಿರು ಬಿಡುತ್ತಿದ್ದ. ಕೇಳಿಬಿಡೋಣ ಎಂದರೆ ಉತ್ತರಕ್ಕೆ ಭಯ. ಆ ಚಳಿಗಾಲ ಹೋಯಿತು, ಪೀಚ್ ಮರಗಳು ಹೂ ಬಿಟ್ಟವು, ಹಣ್ಣೂ ಆದವು. ಅವನು ಕೇಳಲಿಲ್ಲ.

ಬೇಸಿಗೆಯಲ್ಲಿ ರೆತ್ಸೆಪಿಲೆ ಸಿನಿಮಾ ತಂದಳು. ಎಲ್ಲೋ ದೂರದ ದೇಶದಲ್ಲಿ ಅದಕ್ಕೆ ಬಹುಮಾನ ಬಂದಿತ್ತಂತೆ. ಮನುಷ್ಯನ ಒಳಗಿನ ಮೌನ ಅದರಲ್ಲಿ ಕಾಣುತ್ತದೆ ಎಂದು ಅಲ್ಲಿಯ ದೊಡ್ಡವರು ಹೇಳಿದರಂತೆ. ಮಧ್ಯಾಹ್ನವೇ ಉಣ್ಣೆ ಗೋದಾಮಿನ ಬಾಗಿಲು ಹಾಕಿ ಕತ್ತಲೆ ಮಾಡಿ, ಖೆತಿಸಾ ಹೊಲಿದ ಮೂಟೆಗಳ ಮೇಲೆ ಊರನ್ನೆಲ್ಲ ಕೂರಿಸಿ, ಬಿಳಿ ಬಟ್ಟೆಯ ಮೇಲೆ ತೋರಿಸಿದರು. ಹೆಂಗಸರು ಆ ಕಡೆ, ಗಂಡಸರು ಈ ಕಡೆ. ಮೊಖೆಲೆಯೂ ತಮ್ಮಂದಿರ ಸಮೇತ ಬಂದಿದ್ದ.

ಖೆತಿಸಾ ಕೂತ. ಪರದೆಯ ಮೇಲೂ ಕೂತಿದ್ದ. ಊರವರು ಬಹಳ ಹೊತ್ತು ಗೌರವದಿಂದ ನೋಡಿದರು. ಕೋಳಿ ಬಂದಾಗ ಚಪ್ಪಾಳೆ ತಟ್ಟಿದರು. ಟೋಪಿ ತಿನ್ನುವ ಹೊತ್ತಿಗೆ ಅರ್ಧ ಗೋದಾಮು ಗೊರಕೆ ಹೊಡೆಯುತ್ತಿತ್ತು. ಉಣ್ಣೆಯ ಮೂಟೆ ಬಹಳ ಮೆತ್ತಗಿರುತ್ತದೆ.

ಆಮೇಲೆ ಬಾವುಟ ಇಳಿಯಿತು. ಪರದೆಯ ತುಂಬ ಖೆತಿಸಾನ ಮುಖ. ಹಿಂದೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಬಾಯಿ ದೊಡ್ಡದಾಗಿ ತೆರೆಯಿತು, ಮುಚ್ಚಿತು, ತೆರೆಯಿತು. ನಿಜಕ್ಕೂ ಮಹಾದುಃಖದ ಮುಖ.

"ಇಳಿಸ್ರೋ!" ಎಂದು ಕತ್ತಲಲ್ಲಿ ಯಾರೋ ಕೂಗಿದರು.

ಗೊರಕೆಗಳೆಲ್ಲ ಎದ್ದು ಕೂತವು. "ನಾನು ಯಾವತ್ತೂ ಕುದುರೆ ಹತ್ತಿಲ್ಲ!" ಎಂದು ಗೋದಾಮೇ ಒಂದಾಗಿ ಕೂಗಿತು. ಊರಿಗೆ ಅದು ಬಾಯಿಪಾಠವಾಗಿತ್ತು. ಪರದೆಯ ಮೇಲೆ ತುಟಿ ಅಲ್ಲಾಡಿದಂತೆ ಇಲ್ಲಿ ಮಾತು ಬರುತ್ತಿತ್ತು. ಹುಂಜ ಬಂತು. "ಮಾಫೊಲೊ ಅಂದ್ರೆ ಅದಕ್ಕಿಂತ ಭಯ!" ಎಂದು ಮಾಫೊಲೊ ತಾನೇ ಎದ್ದು ನಿಂತು ಚೀರಿದಳು. ಪಾದ್ರಿಗಳು ತಮ್ಮ ಭಾಗವನ್ನು ಗಂಭೀರವಾಗಿ ಹೇಳಿದರು. "ಮೊರೇನಾ ಹುಬ್ಬು ಭಯ" ಎನ್ನುವಾಗ ಮೊರೇನಾನ ದನಿಯೇ ಎಲ್ಲರಿಗಿಂತ ಮೇಲಿತ್ತು. ಮೀಸೆಯ ಸರದಿಯನ್ನು ಮೊಖೆಲೆ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಅದು ಮುಗಿದದ್ದೇ, ಗಾಳಿಯ ಸದ್ದಿನ ಸಂದಿನಲ್ಲಿ ಲೆಬೂಸಾ ಗಡಿಬಿಡಿಯಿಂದ, "ಲೆಬೂಸಾ ಅಂದ್ರೂ ಭಯ!" ಎಂದು ತೂರಿಸಿಬಿಟ್ಟ. "ಅದಿಲ್ಲ! ಅದಿಲ್ಲ!" ಎಂದು ಊರು ತಿರಸ್ಕರಿಸಿತು.

ರೆತ್ಸೆಪಿಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಖೆತಿಸಾನ ಬೆವರು ಕಂಬಳಿ ದಾಟಿತ್ತು. ಮುಂದೆ ಯಾವುದು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಪರದೆಯಲ್ಲಿ ಕೊನೆಯ ತಿರುವು ಬಂತು. ದೊಡ್ಡ ಮುಖದ ಗಲ್ಲ ನಡುಗಿತು. ತುಟಿಗಳು ಆ ಹೆಸರಿಗೆ ಕೂಡಿಕೊಂಡವು.

ಗೋದಾಮು ಸುಮ್ಮನಾಯಿತು. ಮೊಖೆಲೆಯ ತಮ್ಮಂದಿರೂ ಸುಮ್ಮನಾದರು. ಲೆಬೂಸಾ ಕೂಡ ಬಾಯಿ ಮುಚ್ಚಿದ. ಗಾಳಿಯ ಸದ್ದೊಂದೇ. ಆ ಬಾಯಿ ಸದ್ದಿಲ್ಲದೆ ಬೇಡಿಕೊಂಡಿತು, ಮತ್ತೆ ಬೇಡಿಕೊಂಡಿತು. ಖೆತಿಸಾ ತಾನು ಯಾವಾಗ ಎದ್ದು ನಿಂತನೋ ಅವನಿಗೇ ತಿಳಿಯದು. ಅವನ ನೆರಳು ಬಿಳಿ ಬಟ್ಟೆಯ ಮೇಲೆ ಅರ್ಧಕ್ಕೆ ಬಿದ್ದಿತ್ತು.

ಹೆಂಗಸರ ಕಡೆಯ ಕತ್ತಲಿನಿಂದ ಮಾಲಿಸೆಬೊನ ದನಿ ಬಂತು.

"ಹೋಗಲ್ಲ ನ್ತಾತೆ. ಕೂತ್ಕೊಳ್ಳಿ, ಹಿಂದಿನೋರಿಗೆ ಕಾಣ್ತಿಲ್ಲ."